ಬಚ್ಚಲ ಬಾಗಿಲಿನ ಬೀಗರು

ಹಾಳುಬಿದ್ದ ಮನೆ ಕೊಳ್ಳುವುದು, ಅದರೊಳಗೇ ಸಂಸಾರ ಹೂಡಿ ಒಂದೊಂದಾಗಿ ರಿಪೇರಿ ಮಾಡುವುದು, ಮನೆ ಮನೆಯಂತಾದ ದಿನ ಮಾರಿ ಗಂಟುಮೂಟೆ ಕಟ್ಟುವುದು. ಅತ್ತೆ, ಮಗ, ಸೊಸೆ, ಮೂವರ ಕಸುಬೇ ಅದು. ಹದಿನಾಲ್ಕು ವರ್ಷಗಳಲ್ಲಿ ಇದು ಏಳನೆಯ ಮನೆ. ನೆನೆಸಿಕೊಂಡರೆ ಸೊಸೆಗೆ ನಗು ಬರುತ್ತಿತ್ತು. ನಲ್ಲಿ ಸೋರುವಾಗ, ಗಿಲಾವು ಉದುರಿ ಅನ್ನದ ತಟ್ಟೆಗೆ ಬೀಳುವಾಗ, ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುವಾಗ ಮನೆ ತಮ್ಮದು. ಇನ್ನು ಕಾಲು ಚಾಚಿ ಕೂರಬಹುದು ಅನ್ನುವಷ್ಟರಲ್ಲಿ ಯಾರದೋ. ಇಂಥ ಪಾಡು ಶತ್ರುವಿಗೂ ಬೇಡ.

ಗಂಡನದು ಒಂದು ನೇಮ. ಹೊಸ ಮನೆಗೆ ಕಾಲಿಟ್ಟ ದಿನವೇ ಅಡುಗೆಮನೆಯ ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸುತ್ತಿದ್ದ. ಮನೆಯ ಕಾಯಿಲೆಗಳೆಲ್ಲ ಅದರಲ್ಲಿ. ಒಂದೊಂದು ವಾಸಿಯಾದ ಹಾಗೆ ಪಕ್ಕದಲ್ಲಿ ಗುರುತು. ಕೊನೆಯ ಗುರುತು ಬೀಳುವವರೆಗೆ ‘ಮಾರಾಟಕ್ಕಿದೆ’ ಬೋರ್ಡು ಹೊರಗೆ ಬರುವ ಮಾತೇ ಇಲ್ಲ. ಮೂರನೆಯ ಮನೆಯಲ್ಲಿ ಒಂದೇ ಒಂದು ಕಿಟಕಿಯ ಚಿಲಕ ಬಾಕಿ ಉಳಿದಿದ್ದಾಗ, ಕೊಳ್ಳಲು ಬಂದವನು ಅದನ್ನೇ ಹಿಡಿದು ಅಲ್ಲಾಡಿಸಿ, ಉಳಿದದ್ದೂ ಹೀಗೇ ಇರಬೇಕು ಎಂದು ಮುಖ ತಿರುವಿಕೊಂಡು ಹೋಗಿದ್ದ. ಅಂದಿನಿಂದ ಪಟ್ಟಿ ಎಂದರೆ ಪಟ್ಟಿ. ಬ್ರೋಕರು ಅವನಿಗೆ ಪಟ್ಟಿರಾಯ ಎಂದು ಹೆಸರಿಟ್ಟಿದ್ದ.

ಈ ಮನೆಯ ಪಟ್ಟಿ ಉದ್ದವಾಗಿತ್ತು. ಎಲ್ಲಕ್ಕೂ ಗುರುತು ಬಿದ್ದು ಒಂದು ಮಾತ್ರ ಉಳಿದಿತ್ತು: ‘ಬಚ್ಚಲ ಬಾಗಿಲ ಮುಂದೆ ಟೈಲು ಸಡಿಲ.’ ತುಳಿದರೆ ಟಕ್ ಎನ್ನುವ ಒಂದು ಟೈಲು. ಅಡಿಯ ಗಾರೆ ಪುಡಿಯಾಗಿ ಟೊಳ್ಳಾಗಿತ್ತು, ಅಷ್ಟೇ. ಎಬ್ಬಿಸಿ, ಕೆರೆದು, ಹೊಸ ಗಾರೆ ಹಾಕಿ ಕೂರಿಸಿದರೆ ಒಂದು ಗಂಟೆಯ ಕೆಲಸ. ನೆಲದ ಕೆಲಸವೆಲ್ಲ ಸೊಸೆಯ ಪಾಲಿನದು. ಆ ಒಂದು ಗಂಟೆ ಅವಳಿಗೆ ಮೂರು ವಾರದಿಂದ ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲ ಎನ್ನುವುದು ಗಂಡನಿಗೆ ಹೇಳಿದ ಮಾತು. ನಿಜ ಬೇರೆ ಇತ್ತು.

ಅತ್ತೆಗೆ ಕಣ್ಣು ಹೋಗುತ್ತಿತ್ತು. ಈ ಮನೆಗೆ ಬಂದಾಗ ಮಬ್ಬಾಗಿಯಾದರೂ ಕಾಣುತ್ತಿತ್ತು. ಈಗ ಕಿಟಕಿ ಇರುವ ಕಡೆ ಒಂದಿಷ್ಟು ಬೆಳಕು, ಉಳಿದದ್ದೆಲ್ಲ ಬೂದಿ. ಗಂಡನಿಗೆ ಹೇಳದೆ ಇಬ್ಬರೂ ಹೋಗಿ ತೋರಿಸಿಕೊಂಡು ಬಂದಿದ್ದರು. ಹೋದದ್ದು ಬರುವುದಿಲ್ಲ, ಇರುವುದೂ ನಿಲ್ಲುವುದಿಲ್ಲ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ದಾರಿಯಲ್ಲಿ ಅತ್ತೆ ಸೊಸೆಯ ಕೈ ಬಿಗಿಯಾಗಿ ಹಿಡಿದು, "ಅವನಿಗೆ ಹೇಳಿದ್ರೆ ನನ್ನಾಣೆ ಕಣೇ. ಮುಂದಿನ ಮನೆಗೆ ಮಾತು ಕೊಟ್ಟು ಕೂತಿದಾನೆ. ಇದು ಗೊತ್ತಾದ್ರೆ ಕೈಲಿರೋ ಕೆಲಸ ಬಿಟ್ಟು ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾನೆ" ಎಂದಿದ್ದಳು.

ಸೊಸೆ ಹೇಳಲಿಲ್ಲ. ಅವನಿಗೆ ತಾನಾಗಿ ಗೊತ್ತಾಗಲೂ ಇಲ್ಲ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುವವನಿಗೆ ಹೆತ್ತ ತಾಯಿಯ ಕಣ್ಣು ಕಾಣಲಿಲ್ಲ. ಸೊಸೆಗೆ ಇದಕ್ಕೆ ಸಿಟ್ಟು ಬರುತ್ತಿತ್ತು, ಮರುಗಳಿಗೆಯಲ್ಲಿ ಪಾಪ ಎನಿಸುತ್ತಿತ್ತು. ಅತ್ತೆಯ ನಾಟಕವೇನೂ ಕಡಿಮೆಯದಾಗಿರಲಿಲ್ಲ. ಮಗ ಎದುರು ಬಂದರೆ ಹೆಜ್ಜೆಯ ಸದ್ದಿಗೇ ಮುಖ ತಿರುಗಿಸಿ, "ಏನೋ, ಶರ್ಟೆಲ್ಲ ಸುಣ್ಣ?" ಎನ್ನುತ್ತಿದ್ದಳು. ಅವನ ಶರ್ಟಿನ ಮೇಲೆ ಯಾವತ್ತು ಸುಣ್ಣ ಇರಲಿಲ್ಲ?

ಮೊದಮೊದಲು ಅವಳು ಗೋಡೆ ಸವರಿಕೊಂಡು ಓಡಾಡುತ್ತಿದ್ದಳು. ಆಮೇಲೆ ಗೋಡೆಗೆಲ್ಲ ಬಿಳಿ ಪೇಂಟು ಬಂತು. "ಅಮ್ಮ, ಗೋಡೆ ಮುಟ್ಬೇಡ, ಕೈ ಗುರುತು ಬೀಳುತ್ತೆ" ಎಂದು ಮಗ ಒಮ್ಮೆ ಹೇಳಿದ್ದೇ ಸಾಕಾಯಿತು, ಅವಳು ಕೈ ತೆಗೆದುಬಿಟ್ಟಳು. ಅಲ್ಲಿಂದ ಹೆಜ್ಜೆ ಎಣಿಸುವುದು. ಕೋಣೆಯಿಂದ ಬಚ್ಚಲಿಗೆ ಹನ್ನೊಂದು. ಆದರೆ ಮಂಡಿ ನೋವಿರುವ ದಿನ ಹನ್ನೊಂದು ಹದಿಮೂರಾಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ತಪ್ಪದೆ ಇದ್ದದ್ದು ಆ ಟೈಲು. ಕಾಲ ಕೆಳಗೆ ಟಕ್ ಎಂದರೆ ಎಡಕ್ಕೆ ತಿರುಗಬೇಕು, ಅಲ್ಲೇ ಬಚ್ಚಲು. ತಿರುಗದೆ ನೇರ ಹೋದರೆ ಮೂರು ಹೆಜ್ಜೆಗೆ ಹಿತ್ತಿಲಿಗೆ ಇಳಿಯುವ ಕಲ್ಲಿನ ಮೆಟ್ಟಿಲು.

ಅತ್ತೆ ಆ ಟೈಲಿಗೆ ಬೀಗರು ಎಂದು ಹೆಸರಿಟ್ಟಿದ್ದಳು. "ಹೋಗ್ತಾ ಬರ್ತಾ ಮಾತಾಡಿಸದೆ ಬಿಡೋದೇ ಇಲ್ಲ, ಬೀಗರ ಥರ" ಎಂದು ನಗುತ್ತಿದ್ದಳು.

"ನಮ್ಮಪ್ಪ ಅಷ್ಟು ಮಾತಾಡಲ್ಲ ಬಿಡಿ ಅತ್ತೆ."

"ನಿಮ್ಮಪ್ಪ ಅಲ್ಲ ಕಣೇ, ನಿಮ್ಮಮ್ಮ."

ಪಟ್ಟಿ ಮುಗಿಯದಿದ್ದರೆ ಬೋರ್ಡು ಬರುವುದಿಲ್ಲ, ಬೋರ್ಡು ಬರದಿದ್ದರೆ ಮನೆ ಹೋಗುವುದಿಲ್ಲ. ಸೊಸೆ ಹಿಡಿದುಕೊಂಡಿದ್ದದ್ದು ಅಷ್ಟನ್ನೇ. ಮುಂದಿನ ಮನೆಯನ್ನು ಅವಳು ನೋಡಿಕೊಂಡು ಬಂದಿದ್ದಳು. ಕೋಣೆಗೊಂದು ಹೊಸ್ತಿಲು, ಎಲ್ಲಿ ಹೋದರೂ ಒಂದು ಮೆಟ್ಟಿಲು ಹತ್ತು, ಒಂದು ಮೆಟ್ಟಿಲು ಇಳಿ. ಕಣ್ಣಿಲ್ಲದವಳು ಅದನ್ನು ಮೊದಲಿನಿಂದ ಕಲಿಯುವುದು ಹೇಗೆ? ಅದಕ್ಕೇ ಸೊಸೆ ದಿನಕ್ಕೊಂದು ನೆಪ ತೆಗೆದಳು. ಸಿಮೆಂಟು ಗಂಟು ಕಟ್ಟಿದೆ, ಸೊಂಟ ಹಿಡಿದಿದೆ, ಅದೇ ಬಣ್ಣದ ಟೈಲು ಸಿಗುತ್ತಿಲ್ಲ.

ಮೂರನೆಯ ವಾರ ಊಟದ ಹೊತ್ತಿಗೆ ಗಂಡನ ತಾಳ್ಮೆ ಮುಗಿಯಿತು. "ಒಂದು ಟೈಲು ಕಣೇ! ಒಂದು! ಬ್ರೋಕರು ಭಾನುವಾರ ಜನ ಕರ್ಕೊಂಡು ಬರ್ತೀನಿ ಅಂತಿದಾನೆ. ಆ ಹೊಸ ಮನೆ ಮಾರೋರು ಬಾಯಿಗೆ ಬಂದಹಾಗೆ ಅಂತಿದಾರೆ. ನಾನು ಯಾರಿಗೆ ಅಂತ ಉತ್ತರ ಹೇಳ್ಲಿ? ನಿನ್ ಕೈಲಾಗಲ್ಲ ಅಂದ್ರೆ ಹೇಳು, ನಾನೇ ಮಾಡ್ತೀನಿ."

"ನೀವು ಹಾಕಿದ್ರೆ ಓರೆ ಆಗುತ್ತೆ. ನಾಳೆ ನಾನೇ ಮಾಡ್ತೀನಿ ರೀ."

"ಇದು ಎಷ್ಟನೇ ನಾಳೆ?" ಎಂದು ಅವನು ಅರ್ಧ ಊಟಕ್ಕೇ ಎದ್ದ. ಅವನ ಮುಖ ಬಾಡಿಹೋಗಿತ್ತು. ಅತ್ತೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಸೊಸೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನಿಂದ ಟಪ್ ಟಪ್ ಎಂದು ಮರದ ಸುತ್ತಿಗೆಯ ಸದ್ದು ಬಂತು. ಹಗುರವಾದ, ಹದವಾದ ಪೆಟ್ಟು. ಯಾರ ಕೈಯೆಂದು ಅವಳಿಗೆ ತಕ್ಷಣ ತಿಳಿಯಿತು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಇಳಿದು ಓಡಿಬಂದಳು.

ಅತ್ತೆ ಬಚ್ಚಲ ಬಾಗಿಲ ಮುಂದೆ ಕಾಲು ಚಾಚಿ ಕೂತಿದ್ದಳು. ಮಾವ ಇದ್ದಷ್ಟು ದಿನ ಊರಲ್ಲೆಲ್ಲ ಟೈಲು ಹಾಸಿದವರು. ಅವರ ಜತೆ ಕೂತು ಕಲಿತ ಕೈ ಅತ್ತೆಯದು. ಮೊದಲ ನಾಲ್ಕು ಮನೆಗಳ ನೆಲವೆಲ್ಲ ಅವಳದೇ. ಸೊಸೆಗೆ ಕರಣೆ ಹಿಡಿಯಲು ಕಲಿಸಿದವಳೂ ಅವಳೇ. ಈಗ ಹಳೆ ಗಾರೆಯನ್ನೆಲ್ಲ ಕೆರೆದು ತೆಗೆದು, ಹೊಸದನ್ನು ಹರವಿ, ಟೈಲು ಕೂರಿಸಿ, ಅಂಚನ್ನು ಬೆರಳಿನಲ್ಲಿ ಸವರುತ್ತಾ ಎಲ್ಲಿ ಉಬ್ಬಿದೆಯೋ ಅಲ್ಲಿ ತಟ್ಟುತ್ತಿದ್ದಳು. ಪಕ್ಕದಲ್ಲಿ ಮಗ ಗಾರೆಯ ಬಾಣಲೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಗೆಲುವಿತ್ತು.

"ನೋಡೇ, ಅಮ್ಮ ಕೆಳಗೆ ನೋಡದೇನೇ ಕೂರಿಸ್ತಿದಾಳೆ!"

"ಇನ್ನೇನಂದ್ಕೊಂಡೆ? ಮೂಲೇಲಿ ಕೂರಿಸಿ ಅನ್ನ ಹಾಕೋಕೆ ನಾನೇನು ಮುದುಕಿಯಾ?" ಎಂದಳು ಅತ್ತೆ. ದನಿಯಲ್ಲಿ ಹೆಮ್ಮೆ ತುಂಬಿತ್ತು.

ಸೊಸೆಯ ಬಾಯಿಯವರೆಗೆ ಬಂದ ಮಾತು ಆಣೆಗೆ ಸಿಕ್ಕಿ ನಿಂತಿತು. ಮಟ್ಟ ನೋಡುವ ರಸಮಟ್ಟ ತಂದು ಟೈಲಿನ ಮೇಲಿಟ್ಟಳು. ಓರೆ ಇರಲಿ ದೇವರೇ, ಕಿತ್ತು ತೆಗೆಯಲು ಒಂದು ನೆಪವಾದರೂ ಸಿಗಲಿ ಎಂದು ಬೇಡಿಕೊಂಡಳು. ಅದರ ಗಾಜಿನೊಳಗಿನ ಗುಳ್ಳೆ ಅತ್ತಿತ್ತ ಸರಿದು ಸರಿಯಾಗಿ ನಡುವೆ ಬಂದು ನಿಂತಿತು. ಅಡ್ಡ ಇಟ್ಟರೂ ನಡುವೆಯೇ.

"ಹೇಗಿದೆ?" ಎಂದು ಅತ್ತೆ ಕೇಳಿದಳು.

"ಚೆನ್ನಾಗಿದೆ ಅತ್ತೆ."

ಗಾರೆ ಗಟ್ಟಿಯಾಗಲಿ ಎಂದು ಗಂಡ ಒಂದು ದಿನದ ಮಟ್ಟಿಗೆ ಅದರ ಮೇಲೆ ಹಲಗೆ ಸೇತುವೆ ಹಾಕಿದ. ಆ ದಿನವೆಲ್ಲ ಸೊಸೆ, ಹಲಗೆ ಜಾರುತ್ತದೆ ಎಂಬ ನೆಪದಲ್ಲಿ ಅತ್ತೆಯ ಕೈ ಹಿಡಿದು ದಾಟಿಸಿದಳು.

ಮರುದಿನ ಬೆಳಿಗ್ಗೆ ಹಲಗೆ ತೆಗೆದಾಯಿತು. ಗಂಡ ಪೆನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಸೊಸೆ ಬಿಸಿನೀರಿನ ಬಕೆಟ್ಟು ಬಚ್ಚಲಲ್ಲಿಟ್ಟು ಹೊರಬರುವಷ್ಟರಲ್ಲಿ ಅತ್ತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೋಣೆಯಿಂದ ಹೊರಟಿದ್ದಳು. ತುಟಿ ಸಣ್ಣಗೆ ಆಡುತ್ತಿತ್ತು. ಒಂಬತ್ತು, ಹತ್ತು, ಹನ್ನೊಂದು. ಕೈ ಗೋಡೆಯ ಕಡೆ ಎದ್ದು, ಬಿಳಿ ಪೇಂಟಿನ ನೆನಪಾಗಿ ಕೆಳಗಿಳಿಯಿತು. ಪಾದ ನೆಲ ಸವರಿತು. ಎಲ್ಲ ಟೈಲೂ ಒಂದೇ, ನುಣ್ಣಗೆ, ಗಟ್ಟಿ. ಯಾವುದೂ ಮಾತಾಡಲಿಲ್ಲ. ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಮತ್ತೊಂದು.

ಅಲ್ಲಿ ನಿಂತಳು. ಹಿತ್ತಿಲ ಮೆಟ್ಟಿಲಿಗೆ ಇನ್ನೊಂದೇ ಹೆಜ್ಜೆ. ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗುವಿನ ಮುಖ ಅವಳದಾಗಿತ್ತು, ಆದರೂ ಮಗ ನೋಡುತ್ತಿದ್ದಾನೆಂದು ತುಟಿಯ ಮೇಲೆ ನಗು ಇಟ್ಟುಕೊಂಡಿದ್ದಳು. ಹೋಗಿ ಕೈ ಹಿಡಿದರೆ ಗಂಡನಿಗೆ ತಿಳಿಯುತ್ತದೆ, ಕೂಗಿದರೂ ತಿಳಿಯುತ್ತದೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಬಚ್ಚಲ ಬಾಗಿಲಲ್ಲಿ ನಿಂತಿದ್ದ ಸೊಸೆಯ ನಾಲಿಗೆ ಅಂಗುಳಿಗೆ ಬಡಿಯಿತು.

ಟಕ್.

ಅತ್ತೆಯ ತಲೆ ಥಟ್ಟನೆ ತಿರುಗಿತು. ಸದ್ದು ಬಂದ ಕಡೆಗೆ ಎರಡು ಹೆಜ್ಜೆ ಹಿಂದೆ ಬಂದು, ಬಚ್ಚಲ ಬಾಗಿಲು ಹಿಡಿದು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಏ, ಇನ್ನೂ ಸದ್ದು ಬರ್ತಿದೆಯಲ್ಲೇ?" ಗಂಡ ಗಾಬರಿಯಿಂದ ಬಂದ. ಹಿಮ್ಮಡಿಯಿಂದ ಟೈಲನ್ನು ತುಳಿದ. ಇನ್ನೊಮ್ಮೆ ತುಳಿದ. ಕೂತು ಬೆರಳ ಗೆಣ್ಣಿನಿಂದ ನಾಲ್ಕೂ ಮೂಲೆ ತಟ್ಟಿ ಕಿವಿಗೊಟ್ಟ. "ಇಲ್ಲ, ಬಂಡೆ ಹಾಗೆ ಕೂತಿದೆ. ಅಮ್ಮನ ಕೈ ಅಂದ್ರೆ ಅಮ್ಮನ ಕೈ."

ಹೋಗಿ ಗುರುತು ಹಾಕಿದ. ಅಟ್ಟದಿಂದ ಬೋರ್ಡು ಇಳಿಸಿ, ಧೂಳು ಒರೆಸಿ, ಮೊಳೆ ಸುತ್ತಿಗೆ ಹಿಡಿದು ಗೇಟಿನ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಹೊರಗೆ ಬಡಿಯುವ ಸದ್ದು ಶುರುವಾಯಿತು.

ಬಚ್ಚಲೊಳಗಿಂದ ಸಣ್ಣ ದನಿ ಬಂತು. "ಹುಡುಗಿ, ಅಲ್ಲೇ ಇದೀಯಾ?"

"ಇದೀನಿ ಅತ್ತೆ."

"ಹೊರಗೆ ಬರೋವಾಗ್ಲೂ ಒಂದ್ಸಲ ಅನ್ನು."

ಸೊಸೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ನೋಡಿದಳು. ಬಾಯಿ ಒಣಗಿಹೋಗಿತ್ತು. ಒಳಗೆ ಚಿಲಕ ತೆಗೆಯುವ ಸದ್ದಾಯಿತು.