ಅರ್ಧ ಲೀಟರಿನ ಡಬ್ಬಿ

ಟನ್ನಣ್ಣನ ಊಟದ ಕ್ಯಾರಿಯರ್‌ಗೆ ಐದು ಅಂತಸ್ತು. ಅದನ್ನು ಸೈಕಲ್ಲಿನ ಯಾವ ಕಡೆಗೆ ತೂಗುಹಾಕಿದರೆ ಸೈಕಲ್ಲು ಆ ಕಡೆಗೇ ತಿರುಗುತ್ತಿತ್ತು. ಹಾಗಾಗಿ ಕೆಲಸಕ್ಕೆ ಹೋಗುವಾಗ ಎಡಕ್ಕೆ, ಮನೆಗೆ ಬರುವಾಗ ಬಲಕ್ಕೆ. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಂಡಿ ಒತ್ತಿ ಚೀಟಿ ಹರಿದುಕೊಡುವುದು ಅವನ ಕೆಲಸ. ಲಾರಿಯವರು ಇಟ್ಟ ಹೆಸರು ಮೈಗೂ ಒಪ್ಪಿತ್ತು.

ಈ ನಡುವೆ ತಂಗಿಯ ಎರಡೂ ಕಿಡ್ನಿ ಕೈಕೊಟ್ಟವು. ಅಣ್ಣನದು ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಬಂತು. ಆದರೆ ಡಾಕ್ಟರು, "ನೀವು ನೂರಹನ್ನೆರಡು ಕಿಲೋ ಇದ್ದೀರಿ. ತೊಂಬತ್ತಾರಕ್ಕೆ ಇಳೀರಿ, ಆಮೇಲೆ ಮುಂದಿನ ಮಾತು" ಎಂದರು.

ತಂಗಿಯೇ ಅವನನ್ನು ಪಾತ್ರೆ ಅಂಗಡಿಗೆ ಎಳೆದೊಯ್ದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು, ಅಳೆಯದೆ ಏನನ್ನೂ ಕೊಳ್ಳುವವಳಲ್ಲ. ದಿನಕ್ಕೆ ಒಂದೇ ಲೀಟರ್ ನೀರು ಕುಡಿಯಬೇಕೆಂದು ಅವಳಿಗೆ ಕಟ್ಟಪ್ಪಣೆ ಇತ್ತು. ಚೀಲದಿಂದ ಆ ಬಾಟಲಿ ತೆಗೆದು ಡಬ್ಬಿಗಳಿಗೆ ಸುರಿದು ನೋಡತೊಡಗಿದಳು.

"ಇದು?" ಅಣ್ಣ ದೊಡ್ಡದೊಂದನ್ನು ತೋರಿಸಿದ.

"ಅದರಲ್ಲಿ ಸ್ನಾನ ಮಾಡ್ಬಹುದು. ಇಡು."

ಅರ್ಧ ಬಾಟಲಿಗೇ ಕಂಠಮಟ್ಟ ತುಂಬಿದ್ದೊಂದನ್ನು ಅವನ ಕೈಗಿಟ್ಟಳು.

"ತಾಯಿ, ಇದು ಗುಬ್ಬಚ್ಚಿಗೆ ನೀರಿಡೋದು."

"ಗುಬ್ಬಚ್ಚಿ ಆಗು ಅಂತಾನೇ ಡಾಕ್ಟರು ಹೇಳಿದ್ದು. ತರಕಾರಿ ಅರ್ಧ, ಅನ್ನ ಅರ್ಧ. ಒತ್ತಿ ತುಂಬಿದ್ರೆ ನನ್ನಾಣೆ."

ಡಬ್ಬಿಯ ನೀರನ್ನು ಹನಿ ಚೆಲ್ಲದೆ ಬಾಟಲಿಗೆ ವಾಪಸು ತುಂಬಿಕೊಂಡಳು. ಅದು ಅವಳ ಮಧ್ಯಾಹ್ನದ ಪಾಲು.

ಅಂದಿನಿಂದ ಟನ್ನಣ್ಣ ದಿನಾ ಬೆಳಿಗ್ಗೆ ಲಾರಿಗಳು ಬರುವ ಮುಂಚೆ ವೇಬ್ರಿಡ್ಜಿನ ನಟ್ಟನಡುವೆ ನಿಂತು ಕೆಂಪು ಅಂಕಿ ಓದುತ್ತಿದ್ದ. ಹತ್ತು ದಿನ ನೂರಿಪ್ಪತ್ತು. ಆಸ್ಪತ್ರೆ ತಕ್ಕಡಿ ಎಂಟು ಕಿಲೋ ಕದಿಯುತ್ತದೆ ಎಂದುಕೊಂಡ. ಹನ್ನೊಂದನೇ ದಿನ ನೂರು. ಒಂದೇ ದಿನಕ್ಕೆ ಇಪ್ಪತ್ತು ಕಿಲೋ ಇಳಿಸಿದ್ದಕ್ಕೆ ಎಂಟು ಲಾರಿಯವರಿಗೆ ಟೀ ಕುಡಿಸಿದ.

ಆ ಯಂತ್ರ ಎಣಿಸುವುದೇ ಇಪ್ಪತ್ತರ ಮೆಟ್ಟಿಲಲ್ಲಿ. ತೊಂಬತ್ತೊಂದಿದ್ದರೂ ನೂರು, ನೂರೊಂಬತ್ತಿದ್ದರೂ ನೂರು. ಅವನಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು, ಲಾರಿಗಳ ವಿಷಯದಲ್ಲಿ. ಲಾರಿಗೆ ಇಪ್ಪತ್ತು ಕಿಲೋ ಎಂದರೆ ಡ್ರೈವರ್ ಕೆಮ್ಮಿದಷ್ಟು.

ಆಮೇಲೆ ನೂರು ನೂರಾಗಿಯೇ ಕೂತಿತು. ಒಂದು ತಿಂಗಳು, ಎರಡು, ಮೂರು. ಅವನು ಡಬ್ಬಿಯನ್ನು ಮುಕ್ಕಾಲಿಗಿಳಿಸಿದ, ಅರ್ಧಕ್ಕಿಳಿಸಿದ. ಲಾರಿಯವರು ಕೊಟ್ಟ ಬಾಳೆಹಣ್ಣನ್ನು ಮುಟ್ಟಿ ನೋಡಿ ವಾಪಸು ಕೊಟ್ಟ.

"ಅಣ್ಣ, ಈ ಪ್ಯಾಂಟನ್ನ ಮೂರನೇ ಸಲ ಒಳಗೆ ಹಿಡಿದು ಹೊಲೀತಿದೀನಿ" ಎಂದಳು ತಂಗಿ. ಅವಳ ಮುಖ ಊದಿಕೊಂಡಿತ್ತು. "ಒಂದ್ಸಲ ಆಸ್ಪತ್ರೆ ತಕ್ಕಡಿ ಮೇಲೆ ನಿಂತು ಬಾರೋ."

"ಐವತ್ತು ಟನ್ ತೂಗೋ ಯಂತ್ರ ಬಿಟ್ಟು ಆ ಬಚ್ಚಲ ಮಣೆ ಮೇಲೆ ನಿಲ್ಲಲಾ? ನೂರು ಅಂತಿದೆ ಕಣೆ. ಇನ್ನೂ ಆಗಿಲ್ಲ ಅಂತ ಅನ್ನಿಸ್ಕೊಂಡು ಬಂದು ನಿನ್ನ ಮುಖ ಹೇಗೆ ನೋಡ್ಲಿ? ನಾಲ್ಕೇ ಕಿಲೋ, ತಡಿ."

ಅವಳು ತಡೆದಳು. ನಾಲ್ಕನೇ ತಿಂಗಳಿನ ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ.

ಒಂಬತ್ತು ದಿನದ ಮೇಲೆ ಅವಳ ಫೈಲು ವಾಪಸು ಕೇಳಲು ಟನ್ನಣ್ಣ ಆಸ್ಪತ್ರೆಗೆ ಹೋದ. ಸುದ್ದಿ ತಿಳಿಯದ ನರ್ಸಮ್ಮ ಗುರುತು ಹಿಡಿದು, ಅವನು ಬಾಯಿ ತೆರೆಯುವ ಮೊದಲೇ ತಕ್ಕಡಿ ಹತ್ತಿಸಿದಳು.

"ತೊಂಬತ್ತೊಂದು" ಎಂದಳು. "ತಿಂಗಳಿಗೆ ಐದೈದು ಕಿಲೋ ಇಳಿಸಿದೀರಿ. ತೊಂಬತ್ತಾರು ದಾಟಿ ತಿಂಗಳಾಗಿರ್ಬೇಕು. ಇಷ್ಟು ದಿನ ಎಲ್ಲಿ ಹೋಗಿದ್ರಿ?"

"ಇವತ್ತು ಬೆಳಿಗ್ಗೆನೂ ನೂರೇ ಇತ್ತಮ್ಮ."

ನರ್ಸಮ್ಮ ತಮಾಷೆಯೆಂದು ನಕ್ಕಳು. "ಇಳೀರಿ, ಹಿಂದೆ ಜನ ಕಾಯ್ತಿದಾರೆ. ತಂಗೀನ ನಾಳೆನೇ ಕರ್ಕೊಂಡು ಬನ್ನಿ. ಇನ್ನು ತಡ ಮಾಡೋ ಹಾಗಿಲ್ಲ."

ಅವಳು ನಾಳೆಯ ತಾರೀಕು ಬರೆದು ಚೀಟಿ ಚಾಚಿದಳು. ಟನ್ನಣ್ಣ ಎರಡೂ ಕೈಯೊಡ್ಡಿ ಇಸಿದುಕೊಂಡ.

"ಆಯ್ತಮ್ಮ" ಎಂದ. "ಕರ್ಕೊಂಡು ಬರ್ತೀನಿ."