ಆಂಟೆನಾ ಏರಿದ ಮಧ್ಯಾಹ್ನ

ಊರಿಗೆಲ್ಲ ಕಾರು ಓಡಿಸಲು ಕಲಿಸಿದ ಮೇಷ್ಟ್ರಿಗೆ ಸ್ವಂತ ಮಗಳ ಕೈಗೆ ಮಾತ್ರ ಕಾರಿನ ಕೀ ಕೊಡಲು ಮನಸ್ಸು ಬರಲಿಲ್ಲ. "ನಾಳೆ ಎಲ್ಲಾದ್ರೂ ಗುದ್ದಿಕೊಂಡು ಬಂದ್ರೆ ನನ್ನ ಸ್ಕೂಲಿಗೆ ಯಾರು ಬರ್ತಾರೆ?" ಎಂದಿದ್ದರು. ಮಗಳು ಜಗಳವಾಡಲಿಲ್ಲ. ರಸ್ತೆಯ ಆಚೆ ಬದಿಯಲ್ಲಿದ್ದ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಸೇರಿ, ಅಪ್ಪನ ಕಿಟಕಿಯ ಮುಂದೆಯೇ ಹಿಂದಕ್ಕೂ ಮುಂದಕ್ಕೂ ಓಡಿಸಿ, ಮೊದಲ ಸಲಕ್ಕೇ ಲೈಸೆನ್ಸ್ ತೆಗೆದುಕೊಂಡಳು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಲ್ವಾ ಮೇಷ್ಟ್ರೇ?" ಎಂದು ಕ್ಷೌರದಂಗಡಿಯವನು ಕೆನ್ನೆಗೆ ಸೋಪು ಹಚ್ಚುತ್ತಲೇ ಕೇಳಿದನಂತೆ. ಅರ್ಧ ಗಡ್ಡದಲ್ಲೇ ಎದ್ದು ಬಂದ ಮೇಷ್ಟ್ರು ಮಗಳಿಗೆ ಬಾಗಿಲು ತೋರಿಸಿದರು. ಅವಳು ದೂರದ ಪಟ್ಟಣಕ್ಕೆ ಹೋಗಿ ಹಾಲಿನ ಟ್ಯಾಂಕರ್ ಓಡಿಸುವ ಕೆಲಸ ಹಿಡಿದಳು. ಅಂದಿನಿಂದ ಮನೆಯಲ್ಲಿ ಅವಳ ಮಾತು ಎತ್ತುವಂತಿಲ್ಲ.

ಬೀದಿಯವರ ಬಾಯಲ್ಲಿ ಮೇಷ್ಟ್ರಮ್ಮ ಆಗಿಹೋದ ತಾಯಿಗೆ ಮಗಳ ಸುದ್ದಿ ಬರುತ್ತಿದ್ದುದು ಮೂಲೆಯ ಟೈಲರ್ ಅಂಗಡಿಯ ಫೋನಿಗೆ. ಮೊನ್ನೆ ಅಲ್ಲಿಗೇ ಕರೆ ಬಂದಿತ್ತು.

"ಅಮ್ಮಾ, ಗುರುವಾರ ಮಧ್ಯಾಹ್ನ ಊಟ ಆದ್ಮೇಲೆ ನಮ್ಮ ಪಟ್ಟಣದ ರೇಡಿಯೋ ಹಾಕು. ಲಾರಿ ಓಡಿಸೋ ಹೆಂಗಸು ಅಂತ ನನ್ನ ಕರ್ದಿದ್ದಾರೆ. ನಿನ್ನ ವಿಷಯಾನೂ ಹೇಳ್ತೀನಿ."

"ನನ್ನ ವಿಷಯ ಏನೇ ಇದೆ ಹೇಳೋಕೆ?"

"ಇದೆ. ಕೇಳು, ಗೊತ್ತಾಗತ್ತೆ. ಅಪ್ಪಂಗೆ ಹೇಳ್ಬೇಡ."

ಮನೆಯ ರೇಡಿಯೋಗೆ ಆ ದೂರದ ಕೇಂದ್ರ ಸಿಗುವುದಿಲ್ಲ. ಸಿಗುವುದು ಮೇಷ್ಟ್ರ ಹಳೆಯ ಕಾರಿನಲ್ಲಿ ಮಾತ್ರ, ಅದೂ ಹಿಂದಿನ ಮಡ್‌ಗಾರ್ಡಿನೊಳಗಿಂದ ಆಂಟೆನಾ ಪೂರ್ತಿ ಮೇಲೆದ್ದರೆ. ರೇಡಿಯೋ ಹಾಕಿದರೆ ಮೋಟರ್ ತಿರುಗಿ ಅದು ತಾನಾಗಿ ಏರುತ್ತದೆ, ಆರಿಸಿದರೆ ತಾನಾಗಿ ಇಳಿಯುತ್ತದೆ. ಏರುತ್ತಿತ್ತು, ಇಳಿಯುತ್ತಿತ್ತು ಎನ್ನಬೇಕು. ಮೇಷ್ಟ್ರಿಗೆ ಯಾವುದು ಕಿರ್ ಎಂದರೂ ಎಣ್ಣೆ ಹಾಕುವ ಚಟ. ಬಾಗಿಲಿನ ತಿರುಗಣಿಗೂ ಅದೇ, ಆಂಟೆನಾಕ್ಕೂ ಅದೇ. ಜಿಡ್ಡಿಗೆ ಧೂಳು ಮೆತ್ತಿ, ಕೊಳವೆಯೊಳಗೆ ಕೊಳವೆ ಕಚ್ಚಿಕೊಂಡು, ಒಂದು ದಿನ ಒಳಗೆ ಟಕ್ ಎಂದಿತು. ಈಗ ಮೋಟರ್ ಗುರ್ರ್ ಎನ್ನುತ್ತದೆ, ಆಂಟೆನಾ ಬೆರಳುದ್ದ ತಲೆ ಎತ್ತಿ ನಿಂತುಬಿಡುತ್ತದೆ.

ಬಿಡಿಭಾಗದ ಅಂಗಡಿಯಾತ ಮೇಷ್ಟ್ರಮ್ಮನಿಗೆ ಹೊಸ ಆಂಟೆನಾ ಕೊಟ್ಟು, ಅದರ ಬುಡಕ್ಕೆ ಬಾಲದಂತೆ ಅಂಟಿದ್ದ ಉದ್ದನೆಯ ನೈಲಾನ್ ಪಟ್ಟಿಯನ್ನು ತೋರಿಸಿದ್ದ. ಅದರ ಒಂದು ಬದಿಗೆ ಬಾಚಣಿಗೆಯಂತೆ ಹಲ್ಲು. ಮೋಟರಿನ ಚಕ್ರ ಆ ಹಲ್ಲನ್ನು ಹಿಡಿದೇ ಮೇಲೆ ನೂಕುವುದು, ಕೆಳಗೆ ಎಳೆಯುವುದು. "ಇಬ್ಬರು ಬೇಕಮ್ಮ. ಒಬ್ಬರು ಒಳಗೆ ಕೂತು ರೇಡಿಯೋ ಹಾಕಿ ಆರಿಸ್ಬೇಕು, ಇನ್ನೊಬ್ಬರು ಹೊರಗೆ ನಿಂತು ಪಟ್ಟಿ ಇಳಿಸ್ಬೇಕು. ಎಣ್ಣೆ ಮಾತ್ರ ಬೇಡ. ಒಣಬಟ್ಟೆಯಲ್ಲಿ ಒರೆಸಿದ್ರೆ ಸಾಕು."

ಗುರುವಾರ ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಮೇಷ್ಟ್ರಮ್ಮ ಕೈ ಒರೆಸಿಕೊಳ್ಳುತ್ತ ಗಂಡನ ಮುಂದೆ ಬಂದು ನಿಂತರು.

"ರೀ, ಆಂಟೆನಾ ಹಾಕೋಣ ಬನ್ನಿ."

"ಈಗಲಾ? ಉಂಡು ಇನ್ನೂ ಕೈ ಒಣಗಿಲ್ಲ."

"ಕಾರಲ್ಲಿ ಸಂಜೆ ವಾರ್ತೆ ಕೇಳಿಸ್ತಿಲ್ಲ ಅಂತ ದಿನಾ ನನ್ನ ತಲೆ ತಿಂತೀರಲ್ಲ, ಅದಕ್ಕೇ."

"ನಿನಗೇನೇ ಗೊತ್ತು ಆಂಟೆನಾ ವಿಷಯ?"

"ನನಗೇನೂ ಗೊತ್ತಿಲ್ಲ. ನೀವು ಒಳಗೆ ಕೂತು ಗುಂಡಿ ತಿರುಗಿಸಿ, ಬೈತಾ ಇರಿ. ಎರಡೂ ನಿಮಗೆ ಚೆನ್ನಾಗಿ ಬರತ್ತೆ."

ಮೇಷ್ಟ್ರು ಗೊಣಗುತ್ತಲೇ ಎದ್ದರು. ಒಳಗೆ ಕೂರುವುದು ಅವರೇ ಆಗಬೇಕಿತ್ತು. ಅವರ ಸೀಟಿನಲ್ಲಿ ಇನ್ನೊಬ್ಬರು ಕೂತದ್ದಿಲ್ಲ.

ಮೇಷ್ಟ್ರಮ್ಮ ಮಡ್‌ಗಾರ್ಡಿನ ಮೇಲಿದ್ದ ನಟ್ಟನ್ನು ಬಿಚ್ಚಿದರು. "ಹಾಕಿ!" ಎಂದರು. ಮೋಟರ್ ಗುರ್ರ್ ಎಂದಿತು. ಹಳೆಯ ಆಂಟೆನಾವನ್ನು ಬಟ್ಟೆಯಲ್ಲಿ ಹಿಡಿದು ಎಳೆದರೆ ಸಡಿಲಾದ ಹಲ್ಲಿನಂತೆ ಅಲುಗಾಡಿ, ಮುರಿದ ಬಾಲದೊಂದಿಗೆ ಕೈಗೆ ಬಂತು. ಉಳಿದ ತುಂಡು ಒಳಗೇ ಇತ್ತು. ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಮೋಟರಿನ ಮುಚ್ಚಳ ತೆಗೆದು, ಹುಬ್ಬು ಕೀಳುವ ಚಿಮುಟದಲ್ಲಿ ಅದನ್ನು ಹೆಕ್ಕಿದರು. ಕಪ್ಪು ಜಿಡ್ಡು ಮೊಣಕೈವರೆಗೆ ಹತ್ತಿತು.

"ಇನ್ನೂ ಎಷ್ಟೊತ್ತೇ?"

"ಹೆರಿಗೆ ಅಂದ್ಕೊಳ್ಳಿ. ಅವಸರ ಮಾಡಿದ್ರೆ ಆಗತ್ತಾ?"

ಹೊಸ ಪಟ್ಟಿಯ ಹಲ್ಲನ್ನು ಚಕ್ರದ ಕಡೆಗೆ ತಿರುಗಿಸಿ, ತೂತಿನೊಳಗೆ ನಿಧಾನವಾಗಿ ಇಳಿಬಿಟ್ಟರು. ತಳದಲ್ಲಿ ಏನೋ ಕಚ್ಚಿದ ಹಾಗಾಯಿತು. "ಆರಿಸಿ!" ಮೋಟರ್ ಪಟ್ಟಿಯನ್ನು ಸರಸರನೆ ಒಳಗೆಳೆದುಕೊಂಡಿತು. ಹಿಂದೆಯೇ ಹೊಳೆಯುವ ಕೊಳವೆಗಳು ಒಂದರೊಳಗೊಂದು ಸೇರುತ್ತ ಇಳಿದವು. ನಟ್ಟು ಬಿಗಿದರು. ಅಡುಗೆಮನೆಯ ಕಿಟಕಿಯೊಳಗೆ ಕಾಣುವ ಗಡಿಯಾರದಲ್ಲಿ ಮಗಳು ಹೇಳಿದ ಹೊತ್ತು ಆಗಿತ್ತು.

"ಈಗ ಹಾಕಿ. ಆ ಮುಳ್ಳನ್ನ ಬಲಕ್ಕೆ, ಕೊನೇವರೆಗೂ ತಿರುಗಿಸಿ."

"ಅಲ್ಲೇನಿದೆ? ಪರಸ್ಥಳದ ಕೇಂದ್ರ ಅದು."

"ಅದು ಸಿಕ್ರೆ ಎಲ್ಲಾ ಸಿಕ್ಕ ಹಾಗೆ. ತಿರುಗಿಸಿ ನೋಡಿ."

ಆಂಟೆನಾ ಏರಿತು. ಎಲ್ಲೂ ತಡವರಿಸದೆ, ಕೊನೆಯ ತೆಳುಕಡ್ಡಿಯವರೆಗೂ ಏರಿ ನೆಟ್ಟಗೆ ನಿಂತಿತು. ತೆರೆದ ಕಿಟಕಿಯಿಂದ ಗೊರಗೊರ ಸದ್ದು, ಆಮೇಲೆ ಯಾರೋ ಕೇಳುವ ದನಿ, ಆಮೇಲೆ, "ನಮ್ಮಪ್ಪ ಡ್ರೈವಿಂಗ್ ಕಲಿಸೋರು..."

ಮೇಷ್ಟ್ರಮ್ಮನಿಗೆ ಮೈಯೆಲ್ಲ ಕಿವಿಯಾಯಿತು. ಜಿಡ್ಡಿನ ಕೈಯನ್ನು ಸೆರಗಿಗೇ ಒರೆಸಿಕೊಂಡು ಕಿಟಕಿಯತ್ತ ಬಂದರು. ಅಷ್ಟರಲ್ಲಿ ಗಾಜು ಏರಿತು. ಬಾಗಿಲ ಲಾಕಿನ ಗುಬುಟುಗಳು ಒಂದೊಂದಾಗಿ ಕೆಳಗಿಳಿದವು.

"ರೀ!"

ಮೇಷ್ಟ್ರು ಮುಂದಕ್ಕೆ ನೋಡುತ್ತ ಕೂತಿದ್ದರು, ಎದುರಿಗೆ ರಸ್ತೆಯಿದ್ದಂತೆ. ಎದುರಿಗಿದ್ದುದು ಹಿತ್ತಲ ಗೋಡೆ.

"ರೀ, ಬಾಗಿಲು ತೆಗೀರಿ! ಅವಳು ನನಗೆ ಕೇಳು ಅಂದಿದ್ದು!"

ಅವರು ಅಂಗೈ ತೋರಿಸಿದರು, ಕಲಿಯುವವರಿಗೆ ತಾಳು ಎನ್ನುವ ಹಾಗೆ. ಮೇಷ್ಟ್ರಮ್ಮ ಗಾಜಿಗೆ ಕಿವಿ ಒತ್ತಿದರು. ಒಳಗಿಂದ ಮಗಳ ದನಿಯ ಏರಿಳಿತ ಮಾತ್ರ ಬರುತ್ತಿತ್ತು, ಮಾತಿಲ್ಲ. ಒಮ್ಮೆ ಅವಳು ನಕ್ಕದ್ದು ಕೇಳಿಸಿತು. ಮೇಷ್ಟ್ರು ಅವರತ್ತ ತಿರುಗಿಯೂ ನೋಡದೆ ಕೈ ಚಾಚಿ ಸದ್ದು ತಗ್ಗಿಸಿದರು.

ಹೆತ್ತ ಕರುಳು ಎಷ್ಟು ಹೊತ್ತು ಸುಮ್ಮನಿದ್ದೀತು? ಮೇಷ್ಟ್ರಮ್ಮ ಹಿಂದಕ್ಕೆ ಹೋಗಿ ಆಂಟೆನಾವನ್ನು ಮುಷ್ಟಿಯಲ್ಲಿ ಹಿಡಿದರು. ಒಂದೇ ಒಂದು ಸಲ ಬಗ್ಗಿಸಿದರೆ ಸಾಕು, ತನಗೂ ಇಲ್ಲ, ಅವರಿಗೂ ಇಲ್ಲ. ಆದರೆ ಮಗಳು ಈಗ ಬರುತ್ತಿರುವುದು ಈ ಕಡ್ಡಿಯ ಮೇಲೇ ಅಲ್ಲವೇ, ತನ್ನ ಬೆರಳ ಸಂದಿಯಿಂದಲೇ? ಮುಷ್ಟಿ ಬಿಟ್ಟರು. ಅಲ್ಲಿ ಅಂಟಿದ್ದ ಜಿಡ್ಡಿನ ಗುರುತನ್ನು ಒಣಬಟ್ಟೆಯಲ್ಲಿ ಒರೆಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಅವರಿಗೆ ಕೈವರೆಗೂ ಬಂದದ್ದು ಕಿವಿಗೆ ಬರಲಿಲ್ಲ.

ಆಂಟೆನಾ ಬಹಳ ಹೊತ್ತು ಹಾಗೇ ನಿಂತಿತ್ತು. ಒಳಗೆ ರೇಡಿಯೋ ಹಾಡುತ್ತಿರುವಷ್ಟು ಹೊತ್ತೂ ಅದು ನಿಂತೇ ಇರುತ್ತದೆ, ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ. ಕೊನೆಗೆ ಮೋಟರ್ ಸದ್ದಾಯಿತು. ಕಡ್ಡಿ ಇಳಿದು ಮಡ್‌ಗಾರ್ಡಿನೊಳಗೆ ಮುಳುಗಿತು.

ಮೇಷ್ಟ್ರು ಇಳಿದು ಬಂದರು. ಮೂಗು ಕೆಂಪಾಗಿತ್ತು.

"ಏನಂದ್ಲು?"

"ಯಾವ ಕೇಂದ್ರಾನೂ ಸಿಗ್ಲಿಲ್ಲ. ಬರೀ ಗೊರಗೊರ."

"ಗೊರಗೊರ ಕೇಳೋಕೆ ಗಾಜು ಏರಿಸ್ಬೇಕಾಯ್ತಾ?"

"ಧೂಳು ಬರ್ತಿತ್ತು." ಹಗ್ಗದ ಮೇಲಿನ ಬಟ್ಟೆ ಒಂದೂ ಅಲುಗಾಡುತ್ತಿರಲಿಲ್ಲ.

ಸಂಜೆ ಬೇಗನೆ ಊಟಕ್ಕೆ ಕೂತರು. ಮೇಷ್ಟ್ರಮ್ಮ ಎಂದಿನಂತೆ ಬಡಿಸಿದರು, ನೀರಿಟ್ಟರು. ಮೇಷ್ಟ್ರು ಎರಡು ತುತ್ತು ಉಂಡು, ತಟ್ಟೆಯನ್ನೇ ನೋಡುತ್ತ, "ಟ್ಯಾಂಕರ್‌ನ ಇಳಿಜಾರಲ್ಲಿ ಹಿಡಿಯೋದು ಸುಲಭ ಅಲ್ಲ. ಒಳಗೆ ಹಾಲು ಮುಂದಕ್ಕೆ ನುಗ್ಗತ್ತೆ. ಅದಕ್ಕೆ ಮೊದಲೇ ಗೇರ್ ಇಳಿಸ್ಬೇಕು. ಸರಿಯಾಗೇ ಹೇಳಿದ್ಲು," ಎಂದರು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಮೇಷ್ಟ್ರಮ್ಮ ಸೌಟು ಕೆಳಗಿಟ್ಟರು. ದನಿ ತೀರ ಮೆತ್ತಗಿತ್ತು.

"ನನ್ನ ವಿಷಯ ಏನಂದ್ಲು? ಅಷ್ಟೇ ಹೇಳಿ. ಬೇರೆ ಏನೂ ಕೇಳಲ್ಲ."

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಿದರು. ಹೇಳಿಯೇಬಿಡುತ್ತಾರೆ ಎನ್ನಿಸಿತು. ಹೇಳಿದರೆ ಕೇಳಿದ್ದನ್ನು ಒಪ್ಪಿಕೊಂಡ ಹಾಗೆ.

"ಯಾರು?" ಎಂದರು.

ಮೇಷ್ಟ್ರಮ್ಮ ಪಾತ್ರೆಯನ್ನು ಅವರ ಮುಂದಕ್ಕೆ ಸರಿಸಿದರು.

"ಬೇಕಾದಷ್ಟು ನೀವೇ ಬಡಿಸ್ಕೊಳ್ಳಿ," ಎಂದು ಎದ್ದು, ಒಣಗಿದ ಬಟ್ಟೆ ತರಲು ಹೊರಗೆ ಹೋದರು.