ಹೊಸ ನೆಲ ಕುಡಿದ ನೀರು

ಮಳೆಗಾಲದ ಬೆಳಿಗ್ಗೆ ಆ ಮನೆಯವರು ಎದ್ದು ಒಬ್ಬರನ್ನೊಬ್ಬರು ಕೇಳುತ್ತಿದ್ದ ಮೊದಲ ಮಾತು "ಬಂದಿದೆಯಾ?" ಎಂದು. ಏನು ಬಂದಿದೆ ಎಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಮನೆ ಇದ್ದದ್ದು ದಿಬ್ಬದ ಬುಡದಲ್ಲಿ. ಅಡುಗೆಮನೆಯ ಮೂಲೆಯಿಂದ ಕಲ್ಲಿನ ಮೆಟ್ಟಿಲಿಳಿದರೆ ಸಣ್ಣದೊಂದು ನೆಲಮಾಳಿಗೆ. ದಿಬ್ಬದ ಮೇಲೆ ಬಿದ್ದ ಮಳೆ ಮಣ್ಣೊಳಗೇ ದಾರಿ ಮಾಡಿಕೊಂಡು ಬಂದು ಆ ನೆಲಮಾಳಿಗೆಯ ಮಣ್ಣುನೆಲದಲ್ಲಿ ಸದ್ದಿಲ್ಲದೆ ಒಸರುತ್ತಿತ್ತು. ಅದನ್ನು ಎತ್ತಿ ಹಾಕುವುದು ಅತ್ತೆಯ ಪಾಲಿನ ಕೆಲಸ. ಅವರು ಈ ಮನೆಗೆ ಸೊಸೆಯಾಗಿ ಕಾಲಿಟ್ಟಂದಿನಿಂದ ಆ ಕೆಲಸ ಬೇರೆ ಯಾರ ಕೈಗೂ ಹೋಗಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಕೆಳಗಿಳಿದು, ತಗಡಿನ ಡಬ್ಬದಲ್ಲಿ ಮೊಗೆದು, ಬಕೆಟ್ಟು ತುಂಬಿಸಿ, ಎದೆಮಟ್ಟದ ಕಿಂಡಿಯಿಂದ ಹಿತ್ತಲಿಗೆ ಚೆಲ್ಲುತ್ತಿದ್ದರು. ಮಂಡಿ ನೋವು ಶುರುವಾದ ಮೇಲೂ ದಿನಕ್ಕೊಂದು ಸಲವಾದರೂ ಇಳಿದು ನೋಡದಿದ್ದರೆ ಅವರಿಗೆ ಬೆಳಗಾದಂತೆ ಅನ್ನಿಸುತ್ತಿರಲಿಲ್ಲ.

ಹೋದ ವರ್ಷ ಬಿತ್ತನೆಗೆಂದು ಅಲ್ಲಿಟ್ಟ ಆಲೂಗಡ್ಡೆ ಅಷ್ಟೂ ಕೊಳೆತುಹೋಯಿತು. ನಾತ ಅಡುಗೆಮನೆಗೂ ಏರಿತು. ಅತ್ತೆಯ ಮಗ, ಈಗಿನ ಸೊಸೆಯ ಗಂಡ, ಮೂಗು ಮುಚ್ಚಿಕೊಂಡೇ ತೀರ್ಮಾನ ಹೇಳಿದ.

"ಈ ಗುಂಡಿಗೆ ಮಣ್ಣು ತುಂಬಿ ಮುಚ್ಚಿಬಿಡೋಣ. ಬೀಜ ಯಾರದ್ದಾದ್ರೂ ಗೋದಾಮಲ್ಲಿ ಇಟ್ರಾಯ್ತು."

ಸೊಸೆ ಒಪ್ಪಲಿಲ್ಲ. ಬೀಜದ ಗಡ್ಡೆಯನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಮೊಳಕೆಯೊಡೆಯುವ ಕಣ್ಣು ನೋಡಿ ಆರಿಸುವವಳು ಅವಳು.

"ಗೋದಾಮಲ್ಲಿ ನಮ್ಮದು ಯಾವುದು, ಅವರದು ಯಾವುದು? ಆಲೂಗಡ್ಡೆ ಮೇಲೆ ಹೆಸರು ಬರೆಯೋಕಾಗುತ್ತಾ? ಕಾಂಕ್ರೀಟು ಹಾಕ್ಸೋಣ. ಆಮೇಲೂ ಒಂದು ಹನಿ ನೀರು ಬಂದ್ರೆ ಮಣ್ಣು ತುಂಬಿಸಿ. ಬೇಕಾದ್ರೆ ನನ್ನನ್ನೂ ಅದರೊಳಗೇ ಹಾಕಿ ಮುಚ್ಚಿ."

"ನಿನ್ನನ್ನ ಹಾಕಿದ್ರೆ ಅಲ್ಲಿಂದಾನೂ ಮಾತಾಡ್ತೀಯ," ಎಂದ ಗಂಡ. ಆದರೆ ಒಪ್ಪಿದ.

ಅತ್ತೆ ಮಾತ್ರ ತಲೆಯಾಡಿಸಿದರು. "ನೆಲದೊಳಗಿನ ನೀರಿಗೆ ಯಾರ ಭಯ ಇದೆ, ಸಿಮೆಂಟಿನ ಭಯ ಇರೋಕೆ?" ಅಷ್ಟು ಹೇಳಿ, ಬೇಸಿಗೆಯಲ್ಲಿ ಕೆಲಸ ಶುರುವಾದಾಗ ಧೂಳಿಗೆ ಕೆಮ್ಮು ಬರುತ್ತದೆಂದು ಅದು ಮುಗಿಯುವ ತನಕ ಅಕ್ಕನ ಮನೆಗೆ ಹೋಗಿಬಿಟ್ಟರು. ಆ ಮಾತು ಸೊಸೆಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಕೆಲಸಕ್ಕೆ ಬಂದವನನ್ನು ಊರೆಲ್ಲ ಮಟ್ಟದ ಮೇಸ್ತ್ರಿ ಎನ್ನುತ್ತಿತ್ತು. ಯಾವುದೂ ಓರೆಯಾಗಿರುವುದನ್ನು ಅವನ ಕಣ್ಣು ಸಹಿಸುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನೂ ಸರಿಮಾಡಿಕೊಂಡೇ ಕೈ ಹಾಕುವವನು. ಅವನ ಆಳುಗಳು ಹಳೆಯ ಹಸಿಮಣ್ಣನ್ನು ಮೊಣಕಾಲುದ್ದ ಅಗೆದು ತೆಗೆದರು. ದಪ್ಪ ಕಲ್ಲು ಹಾಸಿ, ಮೇಲೆ ಜಲ್ಲಿ ಹರಡಿ, ಕಾಲ ಕೆಳಗೆ ಒಂದು ಕಲ್ಲೂ ಅಲ್ಲಾಡದ ಹಾಗೆ ಗುದ್ದಿ ಕೂರಿಸಿದರು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಗೋಡೆಯ ಮೇಲಕ್ಕೆ ಮಡಚಿದರು. ಹಾಳೆಯ ಮೇಲೆ ಕಂಬಿಯ ಜಾಲರಿ. ಕಿಂಡಿಗೆ ತಗಡೊಂದನ್ನು ಇಳಿಜಾರಾಗಿ ಕಟ್ಟಿ ಕಾಂಕ್ರೀಟನ್ನು ಹೊರಗಿನಿಂದಲೇ ಜಾರಿಸಿದರು. ಮೇಸ್ತ್ರಿ ದೂರದ ಗೋಡೆಯಿಂದ ಶುರುಮಾಡಿ, ಉದ್ದನೆಯ ಹಲಗೆ ಎಳೆದು, ಕರಣೆಯಿಂದ ಉಜ್ಜುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದು, ಕೊನೆಗೆ ಮೆಟ್ಟಿಲ ಮೇಲೆ ಕೂತ. ಇಡೀ ನೆಲ ಕಡೆದಿಟ್ಟ ಹಾಗೆ ಒಂದೇ ಬಣ್ಣದಲ್ಲಿ ಮಿಂಚುತ್ತಿತ್ತು.

ಮರುದಿನ ಬಂದು ಬೆರಳಿಂದ ಒತ್ತಿ ನೋಡಿ ಅವನು ಹೇಳಿದ: "ಇನ್ನು ನಂದೇನಿಲ್ಲ ಅಕ್ಕ, ಎಲ್ಲ ನಿಮ್ಮದೇ. ಇದಕ್ಕೆ ನೀರು ಕುಡಿಸ್ಬೇಕು. ಬೆರಳು ದಪ್ಪ ನೀರು ಹಗಲೂ ರಾತ್ರಿ ನಿಂತೇ ಇರ್ಬೇಕು. ಒಣಗೋಕೆ ಬಿಟ್ರೆ ಬಿರುಕು ಬಿಡುತ್ತೆ. ನಾನು ಸಾಕು ಅನ್ನೋವರೆಗೂ ನಿಲ್ಲಿಸಿ."

ಸೊಸೆಗೆ ನಗು ಬಂತು. "ಇಷ್ಟು ವರ್ಷ ಇಲ್ಲಿಂದ ನೀರು ಎತ್ತಿ ಹಾಕಿದ್ದೇ ಆಯ್ತು. ಈಗ ನೀವು ತುಂಬಿಸು ಅಂತೀರಲ್ಲ ಮೇಸ್ತ್ರಿ!"

ಅಂದೇ ಪೈಪು ಇಳಿಸಿ ನೀರು ತುಂಬಿಸಿದಳು. ಅಂದು ಸಂಜೆಯೇ ಅತ್ತೆ ಅಕ್ಕನ ಮನೆಯಿಂದ ಮರಳಿದರು. ನೀರಿನ ವಿಷಯ ಗಂಡ ಹೇಳಿರುತ್ತಾನೆಂದು ಸೊಸೆ ಅಂದುಕೊಂಡಳು. ಹೆಂಡತಿ ಹೇಳಿರುತ್ತಾಳೆಂದು ಗಂಡ ಅಂದುಕೊಂಡ. ಇಬ್ಬರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕೋಳಿಗೂಡು ತೆರೆದು, ಒಲೆ ಹಚ್ಚಿ ಸೊಸೆ ಕೆಳಗಿಳಿದಳು. ನೆಲ ಬರಿದಾಗಿತ್ತು. ಹಸಿ ಇತ್ತು, ಮೂಲೆಯಲ್ಲೊಂದಿಷ್ಟು ಪಸೆ ಇತ್ತು, ನಿಂತ ನೀರು ಮಾತ್ರ ಇರಲಿಲ್ಲ. ಹೊಸ ನೆಲ ಮೊದಲ ದಿನ ಹೆಚ್ಚು ಕುಡಿಯುತ್ತದೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅತ್ತೆ ತರಕಾರಿ ಮಡಿಗೆ ಹೋಗುವುದನ್ನೇ ಕಾದು ಮತ್ತೆ ತುಂಬಿಸಿದಳು. ಸಂಜೆ ನೋಡಿದಾಗ ನೀರು ಇದ್ದ ಹಾಗೇ ಇತ್ತು. ಬೆಳಗಾದರೆ ಮತ್ತೆ ಇಲ್ಲ. ಅದರ ಮರುದಿನವೂ ಅದೇ ಕಥೆ. ಅವಳಿಗೆ ಅನ್ನ ಸೇರದಾಯಿತು. ಅತ್ತೆಯ ಮುಖ ನೋಡಲು ಭಯ. ಅವರೋ ಆ ದಿನಗಳಲ್ಲಿ ಹಿಂದೆಂದೂ ಇಲ್ಲದಷ್ಟು ಮೆತ್ತಗಾಗಿದ್ದರು. "ಕೂತ್ಕೋ, ಎಷ್ಟು ಓಡಾಡ್ತೀಯ," ಎಂದು ಬಡಿಸಲು ಬರುತ್ತಿದ್ದರು. ಸೋತವಳ ಮೇಲಿನ ಕನಿಕರವಿರಬೇಕು ಎಂದು ಸೊಸೆ ಇನ್ನಷ್ಟು ಕುಗ್ಗಿದಳು.

ಒಂದು ಬೆಳಿಗ್ಗೆ ಗಂಡನೇ ಟಾರ್ಚು ಹಿಡಿದು ಇಳಿದ. ಹೆಂಡತಿ ಹಿಂದೆಯೇ ಇಳಿದಳು.

"ಬರೋ ನೀರು ತಡೀತೀನಿ ಅಂದೋಳು ನೀನು. ಇಲ್ಲಿ ಇರೋ ನೀರೇ ನಿಲ್ತಿಲ್ವಲ್ಲೇ!"

"ಮೆಲ್ಲಗೆ. ಅತ್ತೆಗೆ ಕೇಳಿಸುತ್ತೆ."

"ನೀರಿಗೆ ಹೋಗೋಕೆ ದಾರಿ ಇದ್ರೆ ಬರೋಕೂ ಅದೇ ದಾರಿ. ಮಳೆ ಇನ್ನೇನು ಶುರುವಾಗುತ್ತೆ, ಗಡ್ಡೆ ಕೀಳೋ ಹೊತ್ತೂ ಬಂತು. ಟ್ರ್ಯಾಕ್ಟರಿನವನಿಗೆ ಮಣ್ಣಿಗೆ ಹೇಳ್ತೀನಿ."

"ಮೇಸ್ತ್ರಿ ಒಂದು ಸಲ ನೋಡ್ಲಿ. ಆಮೇಲೆ ನೀವು ಹೇಳಿದ ಹಾಗೆ."

ಅವಳ ದನಿ ಕೇಳಿ ಅವನು ಟಾರ್ಚು ಆರಿಸಿ ಮೇಲೆ ಹತ್ತಿದ. ಆದರೆ ಟ್ರ್ಯಾಕ್ಟರಿನವನಿಗೆ ಹೇಳುವುದನ್ನು ಬಿಡಲಿಲ್ಲ.

ಮಧ್ಯಾಹ್ನ, ಅತ್ತೆ ತರಕಾರಿ ಮಡಿಯಲ್ಲಿದ್ದಾಗ, ಮೇಸ್ತ್ರಿ ಬಂದ. ನೆಲದ ಮೇಲೆ ಮಂಡಿಯೂರಿ ಕರಣೆಯ ಹಿಡಿಯಿಂದ ಬಡಿದು ಕಿವಿಗೊಟ್ಟು ಕೇಳಿದ. ಗೋಡೆಯಂಚಿನ ಉದ್ದಕ್ಕೂ ಬೆರಳಾಡಿಸಿದ. ಬಿರುಕು ಕಾಣಲಿಲ್ಲ. ಅದೇ ಅವನಿಗೆ ಹೆಚ್ಚು ಚಿಂತೆಯಾಯಿತು.

"ಎಲ್ಲ ಸರಿ ಇದೆ ಅಕ್ಕ, ಅದೇ ಸರಿ ಇಲ್ಲ. ಕೆಳಗೆ ಎಲ್ಲೋ ಹಾಳೆ ಹರಿದಿರ್ಬೇಕು. ಈ ಮೂಲೆ ಒಡೆದು ನೋಡ್ದೆ ಗೊತ್ತಾಗಲ್ಲ. ಬೆಳಿಗ್ಗೆ ಸುತ್ತಿಗೆ ತರ್ತೀನಿ." ಹೊರಡುವ ಮುಂಚೆ ಮತ್ತೊಮ್ಮೆ ನೀರು ತುಂಬಿಸಲು ಹೇಳಿ, ನೀರು ಮುಟ್ಟಿದ ಕಡೆ ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದ. ತನ್ನ ಕೈಯಾರೆ ಉಜ್ಜಿದ ನೆಲವನ್ನು ತಾನೇ ಒಡೆಯಬೇಕಲ್ಲ ಎಂದು ಅವನ ಮುಖವೂ ಬಾಡಿತ್ತು. ಕೊಟ್ಟ ಚಹಾ ಕುಡಿಯದೆ ಹೋದ.

ಬೆಳಕು ಹರಿಯುವ ಹೊತ್ತಿಗೇ ಸೊಸೆಗೆ ಎಚ್ಚರವಾಯಿತು. ಸುತ್ತಿಗೆ ಬೀಳುವ ಮೊದಲು ಒಂದು ಸಲ ತಾನೇ ನೋಡಿಬಿಡಬೇಕು ಎನ್ನಿಸಿತು. ಅಡುಗೆಮನೆಗೆ ಬಂದರೆ ಕೆಳಗಿನಿಂದ ಸದ್ದು. ತಗಡು ಕಲ್ಲಿಗೆ ತಾಗಿದ ಸದ್ದು, ಆಮೇಲೆ ಬಕೆಟ್ಟಿಗೆ ನೀರು ಬಿದ್ದ ಸದ್ದು. ಅವಳು ಗೋಡೆ ಹಿಡಿದು ಮೆಟ್ಟಿಲಿಳಿದಳು.

ಅತ್ತೆ ಉಟ್ಟದ್ದನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿಕೊಂಡು, ಬಗ್ಗಿ, ಡಬ್ಬದಲ್ಲಿ ನೀರು ಮೊಗೆಯುತ್ತಿದ್ದರು.

"ಅತ್ತೆ! ಏನು ಮಾಡ್ತಿದ್ದೀರಿ?"

ಅತ್ತೆ ಬೆಚ್ಚಿಬಿದ್ದು ಡಬ್ಬವನ್ನು ಬೆನ್ನ ಹಿಂದೆ ಅಡಗಿಸಿದರು. "ಇಷ್ಟು ಬೇಗ ಯಾಕೆ ಎದ್ದೆ? ಹೋಗು, ಮೇಲೆ ಹೋಗು. ಇಲ್ಲೇನೂ ಇಲ್ಲ."

"ನೀರು ಯಾಕೆ ಎತ್ತುತ್ತಿದ್ದೀರಿ?"

ಅತ್ತೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತರು. ದನಿ ಇಳಿಸಿದರು. "ನಿನ್ನ ಕಣ್ಣಿಗೆ ಬೀಳಬಾರದು ಅಂತಿದ್ದೆ. ಬಂದುಬಿಟ್ಟಿದೆ ಕಣೇ. ನಾನು ವಾಪಸ್ ಬಂದ ಮಾರನೇ ಬೆಳಿಗ್ಗೆಯಿಂದಾನೂ ಬರ್ತಾನೇ ಇದೆ. ಅಷ್ಟು ಆಸೆಪಟ್ಟು ಮಾಡಿಸಿದ್ದೀಯ. ಇವನ ಕಿವಿಗೆ ಬಿದ್ರೆ ನಾಳೆಗೇ ಮಣ್ಣು ತುಂಬಿಸ್ತಾನೆ. ಶುರುವಿನಲ್ಲಿ ಒಂದಿಷ್ಟು ಬಂದು ಆಮೇಲೆ ನಿಲ್ಲಬಹುದು ಅಂತ ಎತ್ತಿ ಹಾಕಿದೆ. ನಿಲ್ತಾನೇ ಇಲ್ಲ. ಒಂದು ತೊಟ್ಟು ಮಳೆ ಇಲ್ಲ, ಎಲ್ಲಿಂದ ಬರುತ್ತೋ ಹಾಳಾದ್ದು!"

ಸೊಸೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅತ್ತೆ, ಅದು ನಾನು ತುಂಬಿಸಿದ ನೀರು."

"ನೀನ್ಯಾಕೆ ತುಂಬಿಸ್ತೀಯ? ತಲೆ ನೆಟ್ಟಗಿದೆಯಾ?"

"ಕಾಂಕ್ರೀಟು ಗಟ್ಟಿಯಾಗೋಕೆ ನೀರು ನಿಲ್ಲಿಸ್ಬೇಕಂತೆ. ಮೇಸ್ತ್ರಿ ಹೇಳಿದ್ರು. ನಾನು ತುಂಬಿಸ್ತೀನಿ, ಬೆಳಗಾದ್ರೆ ಖಾಲಿ. ನೆಲ ಸೋರ್ತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಮತ್ತೆ ತುಂಬಿಸ್ತಿದ್ದೆ."

"ನಾನು ನಿನಗೆ ಗೊತ್ತಾಗದ ಹಾಗೆ ಖಾಲಿ ಮಾಡ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೊಸೆ ಮೊದಲು ಗೋಡೆಯತ್ತ ಓಡಿದಳು. ಮೇಸ್ತ್ರಿ ಎಳೆದ ಗೆರೆಗೆ ಮುಖವಿಟ್ಟು ನೋಡಿದಳು. ಅತ್ತೆ ಎತ್ತಿದ್ದು ಇನ್ನೂ ಮೊದಲ ಬಕೆಟ್ಟು. ನೀರು ಗೆರೆಗಿಂತ ಕೂದಲೆಳೆಯಷ್ಟು ಕೆಳಗಿತ್ತು, ಅಷ್ಟೇ. ರಾತ್ರಿಯೆಲ್ಲ ನಿಂತಲ್ಲೇ ನಿಂತಿತ್ತು.

"ಸೋರಿಲ್ಲ ಅತ್ತೆ! ಒಂದು ಹನಿಯೂ ಸೋರಿಲ್ಲ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಡಬ್ಬ ಕೈಯಿಂದ ಜಾರಿ ನೀರಿಗೆ ಬಿತ್ತು. "ಅಯ್ಯೋ ನನ್ನ ಸೊಂಟವೇ! ಇಷ್ಟು ದಿನ ನಿನ್ನ ಪೈಪಿಗೆ ಗುಲಾಮಳಾಗಿದ್ದೆನಲ್ಲೇ! ನನಗೊಂದು ಮಾತು ಹೇಳಬಾರದಾ?"

"ಅವರು ಹೇಳಿರ್ತಾರೆ ಅಂದ್ಕೊಂಡೆ."

"ಅವನಾ? ಊಟಕ್ಕೆ ಉಪ್ಪು ಕಮ್ಮಿಯಾದ್ರೆ ಮಾತ್ರ ಬಾಯಿ ಬಿಡೋನು ಅವನು."

ಸೊಸೆ ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಅತ್ತೆ ಒದ್ದೆ ಕೈಯಲ್ಲೇ ಅವಳ ಕೆನ್ನೆ ಒರೆಸಿದರು. ಒರೆಸಿದ್ದಕ್ಕಿಂತ ಒದ್ದೆಯಾದದ್ದೇ ಹೆಚ್ಚು.

ಸದ್ದಿಗೆ ಗಂಡ ಎದ್ದು ಬಂದು ಮೇಲಿನ ಮೆಟ್ಟಿಲಲ್ಲಿ ನಿಂತ. ಏನಾಯಿತೆಂದು ಇಬ್ಬರೂ ಒಟ್ಟಿಗೆ ಹೇಳಿದರು. ಅವನಿಗೆ ಎರಡನೇ ಸಲ ಹೇಳಿದ ಮೇಲೆ ಅರ್ಥವಾಯಿತು. ತಲೆ ಕೆರೆದುಕೊಂಡು, "ಹಾಗಾದ್ರೆ ನೆಲ ಗಟ್ಟಿ ಇದೆಯಾ?" ಎಂದ. ಅವನ ದನಿಯಲ್ಲೂ ಭಾರ ಇಳಿದಿತ್ತು.

ಮೇಸ್ತ್ರಿ ಸುತ್ತಿಗೆ ಹೊತ್ತು ಬಂದಾಗ ಮೂವರೂ ಬಾಗಿಲಲ್ಲೇ ಇದ್ದರು. ವಿಷಯ ಕೇಳಿ ಅವನು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಅದನ್ನೂ ಗೋಡೆಗೆ ನೇರವಾಗಿಯೇ ಇಟ್ಟ.

"ರಾತ್ರಿಯೆಲ್ಲ ನಿದ್ದೆ ಇಲ್ಲ ಅಮ್ಮಾವ್ರೇ. ಹೆಂಡತಿ ಹತ್ರ, ಈ ಕಸುಬೇ ಬಿಟ್ಟುಬಿಡ್ತೀನಿ ಅಂದಿದ್ದೆ."

"ಅವಳೇನಂದ್ಲು?" ಅತ್ತೆ ಕೇಳಿದರು.

"ಬಿಟ್ಟು ಮನೇಲಿ ಮಾತ್ರ ಕೂರಬೇಡಿ ಅಂದ್ಲು."

ಕೆಳಗಿಳಿದು, ನೀರಿನೊಳಗೆ ಕೈಯಿಟ್ಟು, ಮೊಳೆಯ ತುದಿಯಿಂದ ನೆಲವನ್ನು ಗೀರಿ ನೋಡಿದ. ಪುಡಿ ಏಳಲಿಲ್ಲ. "ಹಗಲೆಲ್ಲ ನೆನೆದಿದೆ, ಪರವಾಗಿಲ್ಲ. ಇನ್ನು ಮಾತ್ರ ಅಮ್ಮಾವ್ರು ಈ ಕಡೆ ತಲೆ ಹಾಕಬಾರದು."

"ಹಾಕಲ್ಲಪ್ಪ. ನನಗೂ ನಿದ್ದೆ ಮಾಡೋಕೆ ಬರುತ್ತೆ."

ಗಂಡ ಆಗಲೇ ಫೋನು ಕಿವಿಗಿಟ್ಟಿದ್ದ. ಟ್ರ್ಯಾಕ್ಟರಿನವನ ದನಿ ಹೊರಗೂ ಕೇಳುತ್ತಿತ್ತು. "ಬೇಡ ಅಂದ್ರೆ ಹೇಗಣ್ಣ? ಮಣ್ಣು ತುಂಬಿಸಿ ಆಯ್ತು, ದಾರಿಯಲ್ಲಿದ್ದೀನಿ."

ಗಂಡ ಅಮ್ಮನ ಮುಖ ನೋಡಿದ. ಅಮ್ಮ ಅವನ ಕೈಯಿಂದ ಫೋನು ತೆಗೆದುಕೊಂಡರು. "ಬಾಪ್ಪಾ, ಬಾ. ಮನೆಯೊಳಗೆ ಬೇಡ, ಹಿತ್ತಲಿಗೆ ಸುರಿ. ಬದನೆಗೆ ಇನ್ನೊಂದು ಮಡಿ ಮಾಡ್ಬೇಕು ಅಂತಿದ್ದೆ." ಹಾಗೆಂದು ಜಾಗ ತೋರಿಸಲು ಮಗನನ್ನು ಮುಂದೆ ಬಿಟ್ಟುಕೊಂಡು ಹೊರಗೆ ನಡೆದರು.

ಸೊಸೆ ಮೇಸ್ತ್ರಿಗೆ ಚಹಾ ಕೊಟ್ಟಳು. ಅವನು ಎರಡು ಲೋಟ ಕುಡಿದ. ಅವನು ಹೋದ ಮೇಲೆ ತನಗೂ ಬಗ್ಗಿಸಿಕೊಂಡು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಳು. ಕಿಂಡಿಯಿಂದ ಬಿಸಿಲು ಇಳಿದು ನೀರಿನ ಮೇಲೆ ಬಿದ್ದಿತ್ತು. ಬೀಜದ ಮೂಟೆಗಳನ್ನು ಯಾವ ಗೋಡೆಯ ಕಡೆಗೆ ಪೇರಿಸಬೇಕೆಂದು ಲೆಕ್ಕ ಹಾಕುತ್ತ, ಎಷ್ಟೋ ದಿನಗಳ ಮೇಲೆ ಚಹಾವನ್ನು ಬಿಸಿಯಿರುವಾಗಲೇ ಕುಡಿದಳು.